ಗ್ರಹಣಕ್ಕೊಂದು ಫಿಲ್ಮು

ಈ ಕೋಣೆಗೆ ಕಿಟಕಿ ಇಲ್ಲ.
ಬಾಗಿಲಾಚೆ ಶಿವಮೊಗ್ಗ: ಬಸ್ಸಿನ ಹಾರನ್ನು, ಮಂಡಕ್ಕಿ ಗಾಡಿ,
ಟೋಕನ್ ಕೂಗುವ ಶಕೀಲನ ಗಂಟಲು.
ಒಳಗೆ ನಾನು, ಮಿಷನ್ನು,
ಸೆರಗು ಎಲ್ಲಿಡಬೇಕೆಂದು ತಿಳಿಯದೆ ನಿಂತ ಒಬ್ಬಳು.

ಇಪ್ಪತ್ತಾರು ವರ್ಷದಿಂದ ನನ್ನ ಮಾತು ಮೂರೇ:
ಹತ್ತಿರ ಬನ್ನಿ. ಉಸಿರು ಹಿಡಿಯಿರಿ. ಆಯ್ತು, ಬಿಡಿ.
ನಾಲ್ಕನೆಯದು, ಬೇಕಾದಾಗ ಮಾತ್ರ:
ಡಾಕ್ಟರು ಹೇಳ್ತಾರೆ.
ಕಾಣುವುದು ಮೊದಲು ನನಗೇ. ಹೇಳುವ ಹಕ್ಕು
ಮಹಡಿ ಮೇಲಿನವರದ್ದು.

ರಿಪ್ಪನ್‌ಪೇಟೆಯ ಬಂಗಾರಮ್ಮ ಬಂದದ್ದು ಬಸ್ ಚಾರ್ಜು ಕೊಡುತ್ತಾರೆಂದು,
ಒಂದು ದಿನ ಕೆಲಸ ತಪ್ಪುತ್ತದೆಂದು.
ಅಕ್ಕಿ ಮಿಲ್ಲಿಗೇ ಹೋಗಿ ಹೆಸರು ಬರೆದುಕೊಂಡಿದ್ದರು ಕ್ಯಾಂಪಿನವರು,
ನಲವತ್ತು ದಾಟಿದವರದ್ದು.
ಅಕ್ಕಿ ಆರಿಸುವ ಹೆಂಗಸು; ಮೊರದೊಳಗಿನ ಕಲ್ಲು, ನೆಲ್ಲು, ನುಚ್ಚು
ಬೆರಳಿಗಿಂತ ಮೊದಲು ಕಣ್ಣಿಗೆ ತಾಗುತ್ತವೆ.
ಲೈಟಿನ ಪೆಟ್ಟಿಗೆಗೆ ಒದ್ದೆ ಫಿಲ್ಮು ಸಿಕ್ಕಿಸಿ
ನಾನು ಭೂತಗನ್ನಡಿ ಹುಡುಕುವಷ್ಟರಲ್ಲಿ
ಹಿಂದೆ ಬಂದು ನಿಂತಿದ್ದಳು, ರವಿಕೆಯ ಗುಂಡಿ ಹಾಕುತ್ತ:
"ಇಲ್ನೋಡಿ ಅಕ್ಕ, ನುಚ್ಚು ಬಿದ್ದದೆ."
ಒಂದು ಚಿಟಿಕೆ. ಏಳೋ ಎಂಟೋ ಬಿಳಿ ಕಾಳು, ಗುಂಪುಗೂಡಿ.
ಕೈಗೆ ಸಿಗದ್ದು. ನೋವಿಲ್ಲದ್ದು.
"ಡಾಕ್ಟರು ಹೇಳ್ತಾರೆ," ಅಂದೆ.
"ಹೇಳ್ಲಿ ಬಿಡಿ, ಅವರೂ ನೋಡ್ಲಿ."

ಎಡಗಡೆಯದು ಹೋಯಿತು. ಕೂದಲು ಹೋಯಿತು,
ಮತ್ತೆ ಬಂತು, ಯಾರದೋ ಕೂದಲಿನ ಹಾಗೆ ಗುಂಗುರಾಗಿ.
ಐದು ವರ್ಷ ಎನ್ನುವುದು ಡಾಕ್ಟರರು ಎಳೆದ ಗೆರೆ.
ಆರನೆಯ ವರ್ಷ ನನಗೆ ಒಂದು ಸೇರು ಅವಲಕ್ಕಿ ತಂದಳು,
ಯಾಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಲ್ಲರದೂ ಹೀಗಲ್ಲ.
ಆನಂದಪುರದ ಶಾಂಭವಿ ಟೀಚರಿಗೆ
"ಏನೂ ಇಲ್ಲ" ಎಂಬ ಚೀಟಿ ಕೊಟ್ಟು ಕಳಿಸಿದ್ದು ನಾವೇ.
ಏಳು ತಿಂಗಳಿಗೆ ಗಂಟು.
ಆ ಹಳೆಯ ಫಿಲ್ಮನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ,
ಬಿಳಿಯೊಳಗೆ ಬಿಳಿ, ಮಂಜಿನಲ್ಲಿ ಕೂತ ಕೊಕ್ಕರೆ.
ಇದೆ ಎಂದು ಗೊತ್ತಿದ್ದೂ
ಈಗಲೂ ಕಾಣುವುದಿಲ್ಲ ನನಗೆ.
ತುಮರಿ ಕಡೆಯವಳೊಬ್ಬಳು ಹುಣ್ಣಿಗೆ ಟವಲು ಸುತ್ತಿ ಬಂದಿದ್ದಳು.
ಹೆಸರು ಕೇಳಿದರೆ ಗಂಡನ ಮುಖ ನೋಡಿದಳು.
ರಿಜಿಸ್ಟರಿನಲ್ಲಿ ಆ ಹೆಸರಿನ ಮುಂದೆ ಒಂದೇ ತಾರೀಕು.

ಹನ್ನೊಂದನೇ ವರ್ಷ, ಡಿಸೆಂಬರಿನ ಗ್ರಹಣ.
ಅಕ್ಕಿ ಚೀಲದಲ್ಲಿ ಸುತ್ತಿಟ್ಟಿದ್ದ ಮೊದಲ ಫಿಲ್ಮನ್ನು
ಬಂಗಾರಮ್ಮ ಮಿಲ್ಲಿನ ಅಂಗಳಕ್ಕೆ ಒಯ್ದಳಂತೆ.
ಹೊಟ್ಟಿನ ರಾಶಿಯ ಪಕ್ಕ ಒಂಬತ್ತು ಹೆಂಗಸರು,
ತಿಂಡಿ ಬಿಟ್ಟವರು, ಬಸುರಿ ಸೊಸೆಯನ್ನು ಒಳಗೆ ಕೂರಿಸಿ ಬಂದವರು,
ಸರದಿಯ ಮೇಲೆ
ಅವಳ ಎಡ ಮೊಲೆಯ ಮೂಲಕ ಸೂರ್ಯನನ್ನು ನೋಡಿದರು.
ಬೈದೆ: ಕಣ್ಣು ಹೋಗ್ತದೆ ಮಾರಾಯ್ತಿ, ಫಿಲ್ಮು ತಡೆಯುವ ಬಿಸಿಲಲ್ಲ ಅದು.
"ಒಂದು ಗಳಿಗೆ ಅಷ್ಟೆ. ಅವನೂ ಒಂದು ಕಡೆ ಕೊಯ್ಸಿಕೊಂಡಂಗೆ ಕಂಡ.
ಹನ್ನೊಂದರ ಹೊತ್ತಿಗೆ ಮತ್ತೆ ಕೆಲಸಕ್ಕೆ ಹಾಜರು."

ಆ ಒಂಬತ್ತರಲ್ಲಿ ಇಬ್ಬರು ಸಂಕ್ರಾಂತಿ ಕಳೆದು ಬಂದರು.
ಒಬ್ಬಳಿಗೆ ಏನಿರಲಿಲ್ಲ.
ಇನ್ನೊಬ್ಬಳು ಬಾಗಿಲವರೆಗೆ ಬಂದು
ಚಾ ಕುಡಿದು ಬರ್ತೇನೆ ಎಂದು ಹೋದವಳು, ಟೋಕನ್ ಸಮೇತ ಹೋದಳು.

ಇವತ್ತು ಹದಿನೇಳನೆಯ ಸಲ.
ಹೇಳುವ ಮೊದಲೇ ಗಲ್ಲ ಓರೆ ಮಾಡಿ, ಭುಜ ಇಳಿಸಿ
ಬಲಗಡೆಯದನ್ನು ತಾನೇ ಎತ್ತಿ ತಟ್ಟೆಯ ಮೇಲಿಟ್ಟಳು,
ತೂಕಕ್ಕೆ ಅಕ್ಕಿ ಇಡುವವಳ ಹಾಗೆ.
ಹಲಗೆ ಇಳಿಯಿತು. ಹಲ್ಲು ಕಚ್ಚಿದಳು.
ಉಸಿರು ಹಿಡಿಯಿರಿ ಎಂದವಳು ನಾನೂ ಹಿಡಿದಿದ್ದೆ.

ಈಗ ಫಿಲ್ಮಿಲ್ಲ, ಡಾರ್ಕ್ ರೂಮಿಲ್ಲ,
ಬೆರಳಿಗೆ ಹತ್ತುವ ಹುಳಿ ವಾಸನೆಯಿಲ್ಲ.
ಕೈಗೊಂದು ಸೀಡಿ ಕೊಡುತ್ತೇವೆ.
ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ತಿರುಗಿಸಿ,
ಅದರಲ್ಲಿ ಹಣೆಯ ಕುಂಕುಮ ಸರಿಮಾಡಿಕೊಂಡು ಕೇಳಿದಳು:
"ಇದ್ರಲ್ಲಿ ಮುಂದಿನ ಗ್ರಹಣ ಕಾಣ್ತದ?"

ಬಾಯಿಗೆ ಬಂದದ್ದು ಅದೇ:
ಡಾಕ್ಟರು ಹೇಳ್ತಾರೆ.